ಹಾಡಿನ ಆ್ಯಪ್‌ನಲ್ಲಿ ಸಾಹಿತ್ಯ: ಬಳೆ ಬಲೆಯಾಯಿತು, ಹಾಲು ಹಾಳಾಯಿತು

ಎಂಟು ತಿಂಗಳಿಂದ ಒಂದು ಹಾಡಿನ ಆ್ಯಪ್‌ಗೆ ದುಡ್ಡು ಕಟ್ಟಿ ಬಳಸುತ್ತಿದ್ದೇನೆ. ಹೆಸರು ಬೇಡ. ನಾನು ಹೇಳಲಿರುವ ತೊಂದರೆಯನ್ನು ಬೇರೆ ಎರಡು ಆ್ಯಪ್‌ಗಳಲ್ಲೂ ನೋಡಿದ್ದೇನೆ, ಒಂದನ್ನೇ ದೂರುವುದು ಸರಿಯಲ್ಲ. ಹಾಡು ಕೇಳುವುದಕ್ಕೆ ಆ್ಯಪ್ ಚೆನ್ನಾಗಿದೆ. ಧ್ವನಿ ಚೆನ್ನಾಗಿದೆ, ಜಾಹೀರಾತಿನ ಕಾಟ ಇಲ್ಲ, ನೆಟ್‌ವರ್ಕ್ ಇಲ್ಲದ ಕಡೆ ಕೇಳುವುದಕ್ಕೆ ಹಾಡು ಇಳಿಸಿಟ್ಟುಕೊಳ್ಳಬಹುದು. ಅದರ ಬಗ್ಗೆ ಇಷ್ಟು ಸಾಕು. ನಾನು ಬರೆಯಬೇಕೆಂದು ಕೂತಿದ್ದು ಹಾಡು ಓಡುವಾಗ ಪರದೆ ಮೇಲೆ ಸಾಹಿತ್ಯ ಸಾಲು ಸಾಲಾಗಿ ಬರುತ್ತದಲ್ಲ, ಆ ಸೌಲಭ್ಯದ ಬಗ್ಗೆ. ದುಡ್ಡು ಕಟ್ಟಿದ್ದೇ ಅದಕ್ಕೋಸ್ಕರ.

ಕಾರಣ ನನ್ನ ಅಕ್ಕನ ಮಗಳು ಪುಟ್ಟಿ. ನ್ಯೂಜೆರ್ಸಿಯಲ್ಲಿ ಹುಟ್ಟಿ ಬೆಳೆದವಳು, ಈಗ ಹತ್ತೊಂಬತ್ತು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದುತ್ತಾಳೆ. ಈ ವರ್ಷ ಅವಳಿಗೆ ಕನ್ನಡ ಪ್ರೇಮಗೀತೆಗಳ ಹುಚ್ಚು ಹಿಡಿದಿದೆ. ಭಾನುವಾರ ನಮಗೆ ಸಂಜೆ, ಅವಳಿಗೆ ಬೆಳಗ್ಗೆ. ಇಬ್ಬರೂ ಫೋನಿನಲ್ಲಿ ಕೂತು ಒಂದು ಹಾಡು ಹಾಕಿಕೊಂಡು, ಸಾಹಿತ್ಯ ನೋಡುತ್ತಾ ಕೇಳುತ್ತೇವೆ. ಆಮೇಲೆ ಅವಳು ಪ್ರಶ್ನೆ ಕೇಳುತ್ತಾಳೆ. ಮೊದಲನೇ ಭಾನುವಾರವೇ ಕೇಳಿದ್ದು ಇದು: "ಚಿಕ್ಕಮ್ಮ, ಮಲೆ ಅಂದ್ರೆ ಬೆಟ್ಟ ಅಲ್ವಾ? ಅಜ್ಜಿ ಊರು ಮಲೆನಾಡು. ಮತ್ತೆ ಇವನು ಬೆಟ್ಟದಲ್ಲಿ ಹೇಗೆ ನೆನೀತಾನೆ?"

ಅವಳ ತಪ್ಪಿಲ್ಲ. ಪರದೆ ಮೇಲೆ ಮಳೆ ಅನ್ನುವ ಕಡೆಯೆಲ್ಲ ಮಲೆ ಅಂತಲೇ ಇತ್ತು.

ಹಾಡು ಯಾವುದು ಗೊತ್ತಾ? 2008ರ ಗಾಳಿಪಟ ಚಿತ್ರಕ್ಕೆ ಜಯಂತ ಕಾಯ್ಕಿಣಿ ಬರೆದದ್ದು. ಹುಡುಗಿ ಮಿಂಚಾಗಿ ಬಂದರೆ ಹುಡುಗ ನಿಂತ ಜಾಗದಲ್ಲೇ ಮಳೆಗಾಲ ಶುರುವಾಗುತ್ತದೆ ಅನ್ನುವ ಕಲ್ಪನೆ ಅದರ ಪಲ್ಲವಿಯಲ್ಲಿದೆ. ಎಷ್ಟು ಚಂದದ ರೂಪಕ ನೋಡಿ. ಮುಖ ಚಂದ್ರ, ಕಣ್ಣು ಕಮಲ ಅನ್ನುವ ಹಳೇ ಲೆಕ್ಕ ಇಲ್ಲಿಲ್ಲ. ಅವಳು ಹೇಗಿದ್ದಾಳೆ ಅಂತ ಹೇಳುವ ಗೋಜಿಗೇ ಕವಿ ಹೋಗಿಲ್ಲ, ಅವಳು ಬಂದಾಗ ಇವನಿಗೆ ಏನಾಯಿತು ಅಂತ ಹೇಳಿದರು, ಅದೂ ನಮ್ಮ ಹವಾಮಾನದ ಮಾತಿನಲ್ಲಿ. ಮಿಂಚು ಕಂಡರೆ ಹಿಂದೆಯೇ ಮಳೆ ಬರುತ್ತದೆ ಅನ್ನುವುದು ಮಲೆನಾಡಿನ, ಕರಾವಳಿಯ ಯಾವ ಮಗುವಿಗೂ ಗೊತ್ತು. ಆ ಗೊತ್ತಿರುವುದರ ಮೇಲೆ ಹಾಡು ನಿಂತಿದೆ. ಅಲ್ಲಿ ಮಳೆಗಾಲ ಹೋಗಿ ಮಲೆಗಾಲ ಆದರೆ ಉಳಿಯುವುದೇನು? ಒಂದು ಅಕ್ಷರ ತಪ್ಪಿದ್ದಕ್ಕೆ ಪಲ್ಲವಿಯೇ ಕುಸಿಯಿತು.

ಆಮೇಲೆ ನಾನು ಲೆಕ್ಕ ಇಡಲು ಶುರು ಮಾಡಿದೆ. ಪುಸ್ತಕದಲ್ಲಿ ಬರೆದುಕೊಂಡೆ. ತಪ್ಪುಗಳಲ್ಲಿ ಒಂದು ಕ್ರಮ ಕಂಡಿತು: ಹೆಚ್ಚುಕಡಿಮೆ ಎಲ್ಲವೂ ಲ-ಳ, ನ-ಣ, ಮತ್ತೆ ಹ್ರಸ್ವ-ದೀರ್ಘದವು. ಅಂದರೆ ಯಾರೋ ಮೊದಲು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದನ್ನು ಆಮೇಲೆ ಯಂತ್ರ ಕನ್ನಡಕ್ಕೆ ತಿರುಗಿಸಿದೆ ಅಂತ ಕಾಣುತ್ತದೆ. ಇಂಗ್ಲಿಷಿನಲ್ಲಿ ಳ ಅನ್ನುವುದಕ್ಕೆ ಬೇರೆ ಅಕ್ಷರ ಇಲ್ಲ. ಬಿ, ಎ, ಎಲ್, ಇ ಅಂತ ಬರೆದರೆ ಅದು ಬಳೆಯೂ ಆಗಬಹುದು, ಬಲೆಯೂ ಆಗಬಹುದು, ಬಾಳೆಯೂ ಆಗಬಹುದು, ಬಾಲೆಯೂ ಆಗಬಹುದು. ನಾಲ್ಕೂ ಪ್ರೇಮಗೀತೆಯಲ್ಲಿ ಬರಬಹುದಾದ ಪದಗಳೇ. ಬಾಲೆಯ ಕೈಯಲ್ಲಿ ಬಳೆ, ಅವಳ ಕಣ್ಣು ಒಂದು ಬಲೆ, ತೊಡೆ ಬಾಳೆಯ ದಿಂಡು. ಯಂತ್ರಕ್ಕೆ ಎಲ್ಲವೂ ಒಂದೇ.

ಕಾಗುಣಿತದ ತಪ್ಪು ತಾನೇ, ಅರ್ಥ ಮಾಡಿಕೊಂಡರಾಯಿತು ಅಂತ ನೀವು ಹೇಳಬಹುದು. ಸುದ್ದಿಯಲ್ಲಾದರೆ ಹೌದು. ಸುದ್ದಿಯಲ್ಲಿ ಮಲೆ ಸುರಿಯಿತು ಅಂತ ಬಂದರೆ ಎಲ್ಲರೂ ಮಳೆ ಅಂತಲೇ ಓದಿಕೊಳ್ಳುತ್ತಾರೆ. ಪ್ರೇಮಗೀತೆಯ ಕಷ್ಟ ಏನೆಂದರೆ ಅಲ್ಲಿ ಏನು ಬೇಕಾದರೂ ಏನು ಬೇಕಾದರೂ ಆಗಬಹುದು. ಕಣ್ಣು ಕೊಳ ಆಗುತ್ತದೆ, ನಗು ದೀಪ ಆಗುತ್ತದೆ, ಮಾತು ಜೇನಾಗುತ್ತದೆ. ಹಾಗಾಗಿ ತಪ್ಪು ಪದ ಬಂದರೂ ಅದು ಕವಿಯ ಕಲ್ಪನೆಯೇ ಇರಬೇಕು ಅಂತ ಓದುವವರು ನಂಬಿಬಿಡುತ್ತಾರೆ. ಪುಟ್ಟಿ ಎಷ್ಟೋ ಸಲ ಹಾಗೆ ನಂಬಿದ್ದಾಳೆ.

ಒಂದು ಹಳೇ ಹಾಡಿನಲ್ಲಿ ಹೂಬಾಣ ಅಂತ ಬರುತ್ತದೆ. ಪರದೆ ಮೇಲೆ ಹೂಬಾನ. "ಹೂವಿನ ಆಕಾಶ, ಚೆನ್ನಾಗಿದೆ ಅಲ್ವಾ ಚಿಕ್ಕಮ್ಮ?" ಅಂದಳು. ಚೆನ್ನಾಗಿಯೇ ಇದೆ, ನಾನೂ ಇಲ್ಲ ಅನ್ನಲಿಲ್ಲ. ಆದರೆ ಅಲ್ಲಿ ಇದ್ದದ್ದು ಬೇರೆ. ಅವಳಿಗೆ ಮನ್ಮಥನ ಕತೆ ಹೇಳಬೇಕಾಯಿತು: ಕಬ್ಬಿನ ಬಿಲ್ಲು, ದುಂಬಿಗಳ ಸಾಲೇ ಹೆದೆ, ಐದು ಹೂವು ಐದು ಬಾಣ. ತಾವರೆ, ಅಶೋಕ, ಮಾವಿನ ಹೂವು, ಮಲ್ಲಿಗೆ, ನೈದಿಲೆ. ಇದು ಗೊತ್ತಾದ ಮೇಲೆ ಅವಳಿಗೆ ಬೇರೆ ಹತ್ತು ಹಾಡುಗಳು ತಾವಾಗಿಯೇ ತೆರೆದುಕೊಂಡವು. ವಸಂತದ ಹಾಡಿನಲ್ಲಿ ಸುಮ್ನೆ ಮಾವು ಹೂ ಬಿಟ್ಟಿತು ಅಂತ ಬಂದರೂ ಅದರೊಳಗೆ ಒಂದು ಬಾಣ ಇದೆ. ದುಂಬಿ ಗುಂಯ್‌ಗುಟ್ಟಿತು ಅಂದರೆ ಎಲ್ಲೋ ಹೆದೆ ಮಿಡಿಯುತ್ತಿದೆ. ಇಷ್ಟೆಲ್ಲ ಒಂದು ಣ ಮೇಲೆ ನಿಂತಿತ್ತು.

ಮುಖದ ಕಳೆ ಅನ್ನುವುದು ಮುಖದ ಕಲೆ ಆದದ್ದನ್ನು ನೋಡಿದಾಗ ನಿಜಕ್ಕೂ ಸಂಕಟವಾಯಿತು. ಪ್ರಿಯೆಯ ಮುಖದ ಕಾಂತಿಯನ್ನು ಹೊಗಳುತ್ತಿರುವ ಹುಡುಗ ಆ್ಯಪ್‌ನಲ್ಲಿ ಅವಳ ಮುಖದ ಮೇಲಿನ ಕಪ್ಪು ಕಲೆಯನ್ನು ಎತ್ತಿ ಆಡುತ್ತಿದ್ದಾನೆ. ಚಂದ್ರನಲ್ಲಿ ಕಲೆ ಇದೆ ನಿನ್ನಲ್ಲಿಲ್ಲ ಅನ್ನುವುದು ನಮ್ಮ ಹಾಡುಗಳಲ್ಲಿ ಬಹಳ ಹಳೆಯ ಹೊಗಳಿಕೆ. ಚಂದ್ರನ ಕಳೆ ಅನ್ನುವುದೂ ಇದೆ, ಕಲೆ ಅನ್ನುವುದೂ ಇದೆ, ಕಳೆ ಅಂದರೆ ಕಾಂತಿ, ಕಲೆ ಅಂದರೆ ಕಪ್ಪು ಗುರುತು. ಇಂಥ ಕಡೆ ಬರೆದುಕೊಳ್ಳುವವರ ಕಿವಿ ಚುರುಕಾಗಿರಬೇಕು. ಗಾಯಕರು ಸ್ಪಷ್ಟವಾಗಿ ಳ ಅಂತಲೇ ಹಾಡಿದ್ದಾರೆ, ನಾನು ಐದು ಸಲ ಹಿಂದೆ ಮುಂದೆ ಮಾಡಿ ಕೇಳಿದೆ.

ಇನ್ನು ಹಾಲು ಮತ್ತು ಹಾಳು. ಇದು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಎರಡೂ ಸರಿಯಾಗಿ ಹೊಂದುತ್ತವೆ. ಪಕ್ಕದಲ್ಲಿ ಅವಳಿದ್ದರೆ ಅದು ಹಾಲು ಬೆಳದಿಂಗಳು. ಅವಳಿಲ್ಲದ ರಾತ್ರಿ ಅದೇ ಹಾಳು ಬೆಳದಿಂಗಳು. ಹಾಲಿನಂಥ ಮನಸ್ಸೂ ಇದೆ, ಹಾಳು ಮನಸ್ಸೂ ಇದೆ. ನಾನು ಚಿಕ್ಕಂದಿನಿಂದ ಕೇಳಿದ ಒಂದು ಯುಗಳಗೀತೆ, ಇಬ್ಬರೂ ಜೊತೆಗಿದ್ದಾರೆ, ಖುಷಿಯಲ್ಲಿದ್ದಾರೆ, ಪರದೆ ಮೇಲೆ ಮಾತ್ರ ಹಾಳು ಬೆಳದಿಂಗಳು ಅಂತ ಬರುತ್ತಿದೆ. ಆ ಸಾಲನ್ನು ಓದಿ ಪುಟ್ಟಿ ಇದು ಬೇರೆಯಾದವರ ಹಾಡು ಅಂದುಕೊಂಡು ಪೂರ್ತಿ ಹಾಡನ್ನು ದುಃಖದಲ್ಲಿ ಕೇಳಿದಳು. ಒಂದು ಒತ್ತು ಕೂಡ ಇಲ್ಲದ ಒಂದೇ ಅಕ್ಷರ, ಮಿಲನವನ್ನು ವಿರಹ ಮಾಡಿಬಿಟ್ಟಿತು.

ಹೊಸ ಹಾಡುಗಳಲ್ಲಿ ಈ ತೊಂದರೆ ಕಡಿಮೆ. ಈಚಿನ ಐದಾರು ವರ್ಷದ ಹಾಡುಗಳಿಗೆ ಕನ್ನಡದಲ್ಲೇ ಟೈಪ್ ಮಾಡಿದ ಸಾಹಿತ್ಯ ಬರುತ್ತಿರುವ ಹಾಗಿದೆ, ಸಾಲು ಕೂಡ ಹಾಡಿನ ಜೊತೆ ಸರಿಯಾಗಿ ಓಡುತ್ತದೆ. ಹಳೆಯದಕ್ಕೆ ಹೋದಷ್ಟೂ ಕೆಡುತ್ತದೆ. ಭಾವಗೀತೆಗಳ ಸ್ಥಿತಿಯಂತೂ ಕೇಳಬೇಡಿ.

ಕೇಳಬೇಡಿ ಅಂದರೂ ಹೇಳಲೇಬೇಕು, ಯಾಕೆಂದರೆ ನನಗೆ ಜಾಸ್ತಿ ನೋವಾದದ್ದು ಅಲ್ಲೇ. ಕೆ. ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆ ಮೊದಲು ಅಚ್ಚಾದದ್ದು 1942ರಲ್ಲಿ. ಅದರಲ್ಲಿ ರಾಯರು ಮಾವನ ಮನೆಗೆ ಬರುವ ಪದ್ಯ ಇದೆ. ನಮ್ಮ ಮನೆಗಳಲ್ಲಿ ಮದುವೆ ಮುಂಜಿಗೆ ನೆಂಟರೆಲ್ಲ ಸೇರಿದಾಗ ಯಾರಾದರೊಬ್ಬರು ಹಾಡಿಯೇ ಹಾಡುತ್ತಾರೆ. ಗಂಡ ಆಸೆಯಿಂದ ರಾತ್ರಿ ಹೊತ್ತು ಬಂದಿದ್ದಾನೆ. ಹುಣ್ಣಿಮೆ. ಮನೆಯವರೆಲ್ಲ ಉಪಚಾರ ಮಾಡುತ್ತಾರೆ. ಹೆಂಡತಿ ಪದುಮ ಮಾತ್ರ ಕಾಣುತ್ತಿಲ್ಲ. ಅವಳು ಒಳಗಿಲ್ಲ, ಅವಳ ಬಳೆಗಳ ದನಿಯೂ ಇಲ್ಲ. ನಮ್ಮ ಆ್ಯಪ್‌ನಲ್ಲಿ ಅದು ಬಲೆಗಳ ದನಿ ಆಗಿತ್ತು. ಪುಟ್ಟಿ ಕೇಳಿದಳು, "ಇವಳು ಮೀನು ಹಿಡಿಯೋರ ಮನೆಯವಳಾ?"

ಬಳೆ ಅಂತ ಹೇಳಿಕೊಟ್ಟೆ. ಆಮೇಲೆ ಅವಳೇ ಇಂಗ್ಲಿಷ್ ಅನುವಾದದ ಬಟನ್ ಒತ್ತಿದಳು. ಅವಳು ಒಳಗಿಲ್ಲ ಅನ್ನುವುದಕ್ಕೆ ಸರಿಯಾಗಿಯೇ ಅನುವಾದ ಬಂತು, ಒಂದು ಪದ ಕೂಡ ತಪ್ಪಿಲ್ಲ. "ಮತ್ತೆ ಎಲ್ಲಿಗೆ ಹೋದ್ಲು? ಗಂಡ ಬರ್ತಾನೆ ಅಂತ ಗೊತ್ತಿರಲಿಲ್ವಾ?" ಅಂತ ಕೇಳಿದಳು. ನಾನು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳಿದೆ. ಅವಳು ಎಲ್ಲಿಗೂ ಹೋಗಿಲ್ಲ. ಆ ಕಾಲದ ಮನೆಗಳಲ್ಲಿ ಮುಟ್ಟಾದ ಹೆಂಗಸು ಒಳಗೆ ಬರುವ ಹಾಗಿರಲಿಲ್ಲ, ಹೊರಗೆ ಕೂತಿರುತ್ತಿದ್ದಳು. ಒಳಗಿಲ್ಲ ಅಂದರೆ ಹೊರಗಾಗಿದ್ದಾಳೆ. ಬೆಳಗ್ಗೆ ಗಂಡ ಮುನಿಸಿನಿಂದ ಹೊರಡುತ್ತೇನೆ ಅಂದಾಗ ನಾದಿನಿ ನೀರಾಯಿತು ಅನ್ನುತ್ತಾಳಲ್ಲ, ಆ ಸ್ನಾನದ ನೀರು ಯಾರಿಗೆ, ಅದರ ಅರ್ಥ ಏನು ಅನ್ನುವುದು ಆಗ ತಿಳಿಯುತ್ತದೆ. ಕವಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಒಂದು ಒಳಗೆ, ಒಂದು ಬಳೆಯ ಮೌನ, ಒಂದು ಹಂಡೆ ನೀರು. ಅಷ್ಟರಲ್ಲೇ ಗಂಡನ ಆಸೆ, ಹೆಂಡತಿಯ ಸಂಕೋಚ, ಮನೆಯವರ ಮುಸಿನಗು ಎಲ್ಲ ಬಂದುಬಿಟ್ಟಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಆಮೇಲೆ "ಓ" ಅಂದಳು. ಇನ್ನೊಂದು ಸಲ ಹಾಕು ಅಂದಳು. ಆ ದಿನ ನಾಲ್ಕು ಸಲ ಕೇಳಿದೆವು.

ಈ ಅರ್ಥವನ್ನೂ ಆ್ಯಪ್ ಹೇಳಬೇಕಿತ್ತು ಅಂತ ನಾನು ಹೇಳುತ್ತಿಲ್ಲ. ಅದು ಮನೆಯವರು ಹೇಳುವ ಮಾತು. ಆದರೆ ಬಳೆ ಬಳೆಯಾಗಿ ಉಳಿದಿದ್ದರೆ ಮಾತ್ರ ಆ ಮೌನ ಕೇಳುತ್ತದೆ. ಬಳೆಯ ಸದ್ದು ಅಂದರೆ ಮನೆಯಲ್ಲಿ ಒಬ್ಬ ಹೆಣ್ಣು ಓಡಾಡುತ್ತಿದ್ದಾಳೆ ಅಂತ, ಅಡುಗೆಮನೆಯಿಂದ ಪಡಸಾಲೆಗೆ ಕೇಳುವ ಸದ್ದು ಅದು. ನಮ್ಮ ಪ್ರೇಮಗೀತೆಗಳ ಒಳ್ಳೆಯ ಹೋಲಿಕೆಗಳೆಲ್ಲ ಇಂಥ ಮನೆಯೊಳಗಿನ ಸಾಮಾನುಗಳಲ್ಲಿ ಇವೆ ಅನ್ನುವುದು ನನ್ನ ಅನಿಸಿಕೆ. ದೀಪ, ಬತ್ತಿ, ತೊಟ್ಟಿಲು, ಹೊಸಿಲು, ರಂಗೋಲಿ, ಮಲ್ಲಿಗೆ. ಮಲ್ಲಿಗೆ ಅಂದರೂ ಒಂದೇ ಅಲ್ಲ. ಮೈಸೂರಿನವರಿಗೆ ಒಂದು ಮಲ್ಲಿಗೆ, ಉಡುಪಿ ಶಂಕರಪುರದವರಿಗೆ ಇನ್ನೊಂದು, ಹೂವಿನ ಹಡಗಲಿಯವರಿಗೆ ಮತ್ತೊಂದು. ಮೂರಕ್ಕೂ ಭೌಗೋಳಿಕ ಸೂಚಕದ, ಅಂದರೆ ಇದು ಈ ಊರಿನದೇ ಅನ್ನುವ ಗುರುತಿನ, ಮಾನ್ಯತೆ ಇದೆ. ಹಾಡಿನಲ್ಲಿ ಮಲ್ಲಿಗೆ ಅಂತ ಕೇಳಿದಾಗ ಒಬ್ಬೊಬ್ಬರ ಮೂಗಿಗೆ ಒಂದೊಂದು ಪರಿಮಳ ಬರುತ್ತದೆ.

ಇನ್ನು ಅನುವಾದದ ಬಟನ್ ಬಗ್ಗೆ. ಕನ್ನಡ ಬಾರದವರಿಗೆ ಹಾಡಿನ ಸುಮಾರು ಅರ್ಥ ಗೊತ್ತಾಗಲಿ ಅಂತ ಇಟ್ಟಿದ್ದಾರೆ, ಉದ್ದೇಶ ಒಳ್ಳೆಯದು. ಆದರೆ ಹೋಲಿಕೆ ಬಂದ ತಕ್ಷಣ ಎಡವುತ್ತದೆ. ಶಾಲೆಯಲ್ಲಿ ಉಪಮಾಲಂಕಾರ ಕಲಿತಿದ್ದೇವಲ್ಲ: ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ. ಆ ಉಪಮಾವಾಚಕ, ಅಂದರೆ ಹೋಲಿಕೆ ತೋರಿಸುವ ಪದ, ಕನ್ನಡದಲ್ಲಿ ಬಹಳ ಸಲ "ಅಂತೆ" ಆಗಿರುತ್ತದೆ. ಚಂದ್ರನಂತೆ, ಮಿಂಚಿನಂತೆ, ಹೂವಿನಂತೆ. ಇದೇ ಅಂತೆಯನ್ನು ನಾವು ಬೇರೆಯವರು ಹೇಳಿದ ಸುದ್ದಿಗೂ ಬಳಸುತ್ತೇವೆ, ಊರಲ್ಲಿ ಮಳೆಯಂತೆ, ಬಸ್ಸು ತಡವಂತೆ. ಆ್ಯಪ್‌ನ ಅನುವಾದಕ್ಕೆ ಎರಡೂ ಕಲಸಿಹೋಗಿವೆ. ಅವಳು ಚಂದ್ರನಂತೆ ಅಂತ ಹುಡುಗ ಹಾಡಿದರೆ, ಇಂಗ್ಲಿಷಿನಲ್ಲಿ ಅವಳು ಚಂದ್ರ ಎಂದು ಜನ ಹೇಳುತ್ತಾರೆ ಅಂತ ಬರುತ್ತದೆ. ಇವನ ಕಣ್ಣಿಗೆ ಕಂಡದ್ದು ಊರಿನವರ ಬಾಯಿಗೆ ಹೋಯಿತು. ಪ್ರೀತಿಯ ಮಾತಿನಲ್ಲಿ ಇದಕ್ಕಿಂತ ದೊಡ್ಡ ನಷ್ಟ ಏನಿದೆ?

ಮುತ್ತು ಅನ್ನುವ ಪದವನ್ನು ಪ್ರತಿ ಸಲವೂ ಮುತ್ತಿನ ಹಾರದ ಮುತ್ತು ಅಂತಲೇ ತಿಳಿಯುತ್ತದೆ. ಕೆನ್ನೆಗೆ ಕೊಡುವ ಮುತ್ತು ಅದಕ್ಕೆ ಗೊತ್ತಿಲ್ಲ. ನಮ್ಮ ಕವಿಗಳು ಎರಡು ಅರ್ಥವನ್ನೂ ಒಂದೇ ಸಾಲಿನಲ್ಲಿ ಹೆಣೆದು ಆಟವಾಡುತ್ತಾರೆ, ಅದು ಯಾವ ಭಾಷೆಗೂ ಹೋಗುವುದು ಕಷ್ಟ, ಒಪ್ಪುತ್ತೇನೆ. ಆದರೆ ಕಣ್ಣು ಬಿತ್ತು ಅನ್ನುವುದನ್ನು ಕಣ್ಣು ಕೆಳಗೆ ಬಿತ್ತು ಅಂತ ತೋರಿಸುವುದನ್ನು ತಪ್ಪಿಸಬಹುದಿತ್ತು. ಝುಮ್, ಝಲ್, ಢವಢವ, ಜುಳುಜುಳು ಇವುಗಳನ್ನಂತೂ ಬಿಟ್ಟೇಬಿಡುತ್ತದೆ, ಆ ಜಾಗ ಖಾಲಿ. ಎದೆ ಝಲ್ ಅನ್ನುವುದಕ್ಕೂ ಎದೆ ಝುಮ್ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ! ಝಲ್ ಅಂದರೆ ಹೆದರಿಕೆ ಬೆರೆತಿದೆ, ಝುಮ್ ಅಂದರೆ ಬರೀ ಸುಖ. ಅನುವಾದ ಮಾಡಲಾಗದಿದ್ದರೆ ಆ ಸದ್ದನ್ನು ಹಾಗೇ ಇಟ್ಟರೂ ಸಾಕಿತ್ತು, ಓದುವವರು ಬಾಯಲ್ಲಿ ಹೇಳಿಕೊಂಡರೆ ಅರ್ಧ ಅರ್ಥ ಆಗುತ್ತದೆ.

ಹಾಡುಗಳನ್ನು ಗುಂಪು ಮಾಡುವುದರಲ್ಲೂ ಎಡವಟ್ಟು ಇದೆ. ಪ್ರೇಮಗೀತೆಗಳ ಪಟ್ಟಿಯಲ್ಲಿ ಬೇಂದ್ರೆಯವರ "ನೀ ಹೀಂಗ ನೋಡಬ್ಯಾಡ ನನ್ನ" ಇತ್ತು. ಹಿಂದೆ ಒಂದು ಕುಣಿಯುವ ಹಾಡು, ಮುಂದೆ ಒಂದು ಬೈಕಿನ ಹಾಡು. ಸಾಲು ಮಾತ್ರ ನೋಡಿದರೆ ಪ್ರಿಯಕರ ಪ್ರಿಯೆಗೆ ಹೇಳಿದ ಹಾಗೆ ಇದೆ, ಹಾಗಾಗಿ ಹಾಕಿಬಿಟ್ಟಿದ್ದಾರೆ. ಅದು ಮಗುವನ್ನು ಕಳೆದುಕೊಂಡ ತಂದೆ, ಅದೇ ದುಃಖದಲ್ಲಿರುವ ಹೆಂಡತಿಯ ನೋಟವನ್ನು ತಾಳಲಾರದೆ ಹೇಳುವ ಮಾತು. ಹಗಲಿನ ಮುಗಿಲಲ್ಲಿ ಹುಣ್ಣಿಮೆ ಚಂದ್ರನ ಹೆಣ ತೇಲುತ್ತಾ ಬರುವ ಚಿತ್ರ ಅದರಲ್ಲಿದೆ. ಪ್ರೇಮಗೀತೆಗಳಲ್ಲಿ ನೂರು ಸಲ ಬರುವ ಅದೇ ಹುಣ್ಣಿಮೆ ಚಂದ್ರ ಇಲ್ಲಿ ಹೆಣವಾಗಿದ್ದಾನೆ. ಅದೂ ಪ್ರೀತಿಯ ಹಾಡೇ, ಗಂಡ ಹೆಂಡಿರ ನಡುವಿನ ಪ್ರೀತಿಯದ್ದೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದನ್ನು ಕೇಳಿದ ಮೇಲೆ ಸ್ವಲ್ಪ ಹೊತ್ತು ಏನೂ ಕೇಳಬಾರದು. ಅಲ್ಲಿ ಇನ್ನೊಂದು ಗದ್ದಲದ ಹಾಡು ತಾನಾಗಿಯೇ ಶುರುವಾದಾಗ ನಾನು ಫೋನನ್ನೇ ಆಫ್ ಮಾಡಿದೆ. ಇನ್ನೊಂದು ವಿಷಯ, ಧಾರವಾಡದ ನುಡಿಯನ್ನು ಕೆಲವು ಸಾಲಿನಲ್ಲಿ ತಿದ್ದಿದ್ದಾರೆ, ನೋಡಬ್ಯಾಡ ಹೋಗಿ ನೋಡಬೇಡ ಆಗಿದೆ. ದಯವಿಟ್ಟು ಅದನ್ನು ಮುಟ್ಟಬೇಡಿ.

ಇದಕ್ಕಿಂತ ಹೆಚ್ಚಿನ ದೂರು ಒಂದಿದೆ. ಸಾಹಿತ್ಯದ ಪುಟದಲ್ಲಿ ಸಾಹಿತ್ಯ ಬರೆದವರ ಹೆಸರಿಲ್ಲ. ಗಾಯಕರ ಹೆಸರು ದೊಡ್ಡದಾಗಿದೆ, ಸಂಗೀತ ನಿರ್ದೇಶಕರ ಹೆಸರಿದೆ, ಕಂಪನಿಯ ಹೆಸರಿದೆ. ಬರೆದವರ ಜಾಗ ಬಹಳ ಹಾಡುಗಳಿಗೆ ಖಾಲಿ. ಚಿ. ಉದಯಶಂಕರ್, ಆರ್. ಎನ್. ಜಯಗೋಪಾಲ್, ವಿಜಯನಾರಸಿಂಹ ಇವರ ಹಾಡು ಕೇಳುತ್ತಾ ಬೆಳೆದವರು ನಾವು. ಆಕಾಶವಾಣಿಯಲ್ಲಿ ಕೋರಿಕೆ ಗೀತೆ ಹಾಕುವಾಗ ಚಿತ್ರದ ಹೆಸರಿನ ಜೊತೆ ಸಾಹಿತ್ಯ ಯಾರದು ಅಂತ ಹೇಳುವ ರೂಢಿ ಇತ್ತು, ನಮಗೆ ಹೆಸರುಗಳು ಬಾಯಿಪಾಠವಾದದ್ದೇ ಹಾಗೆ. ಟಾಕೀಸಿನ ಮುಂದೆ ಮಾರುತ್ತಿದ್ದ ತೆಳು ಹಾಳೆಯ ಹಾಡಿನ ಪುಸ್ತಕದಲ್ಲೂ ಪ್ರತಿ ಹಾಡಿನ ಮೇಲೆ ಬರೆದವರ ಹೆಸರು ಇರುತ್ತಿತ್ತು. ಕೆಲವು ನಾಣ್ಯಕ್ಕೆ ಸಿಗುತ್ತಿದ್ದ ಆ ಪುಸ್ತಕ ಮಾಡಿದ್ದನ್ನು ಇಷ್ಟು ದೊಡ್ಡ ಆ್ಯಪ್ ಮಾಡಲಾರದಾ?

ಆ ಪುಸ್ತಕದಲ್ಲಿ ಇನ್ನೊಂದು ಅನುಕೂಲ ಇತ್ತು: ಗಂಡು, ಹೆಣ್ಣು ಅಂತ ಸಾಲಿನ ಮುಂದೆ ಗುರುತು. ಆ್ಯಪ್‌ನಲ್ಲಿ ಅದಿಲ್ಲ, ಎಲ್ಲ ಸಾಲೂ ಒಂದೇ ಉಸಿರಿನಲ್ಲಿ ಬರುತ್ತವೆ. 1987ರ ಪ್ರೇಮಲೋಕದಲ್ಲಿ ಹಂಸಲೇಖ ಬರೆದ ಹಾಡುಗಳನ್ನು ನೆನಪಿಸಿಕೊಳ್ಳಿ, ದಿನದ ಮಾತುಕತೆಯೇ ಹಾಡಾಗಿದೆ. ಇಂಥ ಹಾಡುಗಳಲ್ಲಿ ಒಬ್ಬರು ಒಂದು ಹೋಲಿಕೆ ಎಸೆಯುತ್ತಾರೆ, ಇನ್ನೊಬ್ಬರು ಅದನ್ನೇ ಹಿಡಿದು ತಿರುಗಿಸಿ ಎಸೆಯುತ್ತಾರೆ. ನೀನು ಹೂವು ಅಂದರೆ ನೀನು ಮುಳ್ಳು ಅನ್ನುವ ಹಾಗೆ. ಯಾರು ಯಾರಿಗೆ ಹೇಳಿದ್ದು ಅಂತ ಗೊತ್ತಾಗದೆ ಓದಿದರೆ ಆ ಆಟದ ಮಜವೇ ಹೋಗುತ್ತದೆ. ಕೇಳುತ್ತಾ ಓದಿದರೆ ಧ್ವನಿಯಿಂದ ತಿಳಿಯುತ್ತದೆ, ನಿಜ. ಸುಮ್ನೆ ಓದುವವರಿಗೆ ಕಷ್ಟ.

ಒಳ್ಳೆಯದನ್ನೂ ಹೇಳಬೇಕು. ನೆನಪಿನಲ್ಲಿ ಉಳಿದ ನಾಲ್ಕು ಪದ ಕೊಟ್ಟರೆ ಹಾಡು ಹುಡುಕಿಕೊಡುತ್ತದೆ. ನನ್ನ ತಾಯಿ ಗುನುಗುತ್ತಿದ್ದ, ಮೊದಲ ಸಾಲು ಮರೆತುಹೋಗಿದ್ದ ಒಂದು ಹಾಡನ್ನು ಚರಣದ ಮಧ್ಯದ ಎರಡು ಪದದಿಂದ ಹುಡುಕಿದೆ. ಆ ದಿನ ನನಗೆ ಆದ ಸಂತೋಷಕ್ಕೆ ವರ್ಷದ ಚಂದಾ ಕೊಟ್ಟದ್ದು ವಸೂಲಾಯಿತು. ಒಂದು ಸಾಲಿನ ಮೇಲೆ ಬೆರಳಿಟ್ಟರೆ ಹಾಡು ಅಲ್ಲಿಂದಲೇ ಶುರುವಾಗುತ್ತದೆ, ಕಲಿಯುವವರಿಗೆ ಇದು ಬಹಳ ಉಪಯೋಗ. ಪುಟ್ಟಿ ಒಂದೇ ಸಾಲನ್ನು ಹತ್ತು ಸಲ ಕೇಳಿ ಳ ಹೇಳುವುದನ್ನು ಕಲಿತಿದ್ದಾಳೆ. ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ವಯಸ್ಸಾದವರಿಗೂ ಓದಲು ಆಗುತ್ತದೆ.

ತಪ್ಪು ತಿಳಿಸಲು ಪ್ರತಿ ಸಾಹಿತ್ಯದ ಕೆಳಗೆ ಒಂದು ಬಟನ್ ಇದೆ. ಅದು ಕಣ್ಣಿಗೆ ಬೀಳುವುದಿಲ್ಲ, ಪೂರ್ತಿ ಕೆಳಗೆ ಹೋಗಬೇಕು. ನಾನು ಈವರೆಗೆ ನಲವತ್ತೊಂದು ತಪ್ಪು ಬರೆದು ಕಳಿಸಿದ್ದೇನೆ. ಆರು ಸರಿಯಾಗಿವೆ. ಉತ್ತರ ಬರುವುದಿಲ್ಲ, ಸುಮ್ನೆ ಒಂದು ದಿನ ನೋಡಿದರೆ ತಿದ್ದಿರುತ್ತದೆ. ನೀವೂ ಬಳಸುತ್ತಿದ್ದರೆ, ಕಂಡ ತಪ್ಪನ್ನು ಕಳಿಸಿ. ಒಬ್ಬಳು ಕಳಿಸಿದರೆ ಆರು ಸರಿಯಾಗುತ್ತವೆ ಅಂದರೆ ನೂರು ಜನ ಕಳಿಸಿದರೆ ಎಷ್ಟಾಗಬಹುದು.

ಐದಕ್ಕೆ ಮೂರು ಕೊಡುತ್ತೇನೆ. ಹೊಸ ಹಾಡು ಮಾತ್ರ ಕೇಳುವವರಾದರೆ ನಾಲ್ಕು ಅಂದುಕೊಳ್ಳಿ. ಭಾವಗೀತೆ, ಹಳೇ ಚಿತ್ರಗೀತೆ ಇಷ್ಟಪಡುವವರು ಸಾಹಿತ್ಯದ ಆಸೆಗೆ ದುಡ್ಡು ಕಟ್ಟಬೇಡಿ, ಪಕ್ಕದಲ್ಲಿ ಪುಸ್ತಕ ಇಟ್ಟುಕೊಳ್ಳಿ. ಮಕ್ಕಳಿಗೆ ಕನ್ನಡ ಕಲಿಸಲು ಅಂತ ತೆಗೆದುಕೊಳ್ಳುವವರು ಸೆಟ್ಟಿಂಗ್‌ಗೆ ಹೋಗಿ ಇಂಗ್ಲಿಷ್ ಅಕ್ಷರ ಬದಲಿಸಿ ಕನ್ನಡ ಮಾಡಿ, ಮೊದಲಿಗೆ ಅದು ಇಂಗ್ಲಿಷಿನಲ್ಲೇ ಬರುತ್ತದೆ. ಮತ್ತೆ ಜೊತೆಗೆ ಕೂತುಕೊಳ್ಳಿ, ಒಂಟಿಯಾಗಿ ಬಿಡಬೇಡಿ.

ನಾನು ಇನ್ನೊಂದು ವರ್ಷಕ್ಕೆ ಕಟ್ಟಿದ್ದೇನೆ. ಹೋದ ಭಾನುವಾರ ರಾಯರ ಹಾಡನ್ನು ಮತ್ತೆ ಹಾಕಿದೆವು. ಪುಟ್ಟಿಯೇ ಮೊದಲು ನೋಡಿ ಕೂಗಿದಳು, ಬಳೆ ಸರಿಯಾಗಿದೆ ಅಂತ. ಕವಿಯ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಅದನ್ನು ನಾಳೆ ಮತ್ತೆ ಬರೆದು ಕಳಿಸುತ್ತೇನೆ.